‘ವಿತ್ತೀಯ ಕೊರತೆ’ಯಲ್ಲಿ ಕೊರತೆ ಯಾವುದು, ‘ವಿತ್ತೀಯ ಶಿಸ್ತಿ’ನಲ್ಲಿ ಶಿಸ್ತು ಯಾವುದು?

ಮಾನ್ಯರೇ,

ಆಯವ್ಯಯದ ಸುದ್ದಿಯಲ್ಲಿ ಪ್ರತಿ ವರ್ಷ ತಪ್ಪದೆ ಬರುವ ಕೆಲವು ಪದಗಳ ಬಗ್ಗೆ, ಮುಖ್ಯವಾಗಿ ‘ವಿತ್ತೀಯ ಕೊರತೆ’ ಮತ್ತು ‘ವಿತ್ತೀಯ ಶಿಸ್ತು’ ಎಂಬೆರಡರ ಬಗ್ಗೆ, ಬಲ್ಲವರ ಅಭಿಪ್ರಾಯ ಕೇಳಲು ಇದನ್ನು ಬರೆಯುತ್ತಿದ್ದೇನೆ. ನಾನು ತೀರ್ಥಹಳ್ಳಿ ತಾಲ್ಲೂಕಿನವನು, ಸಹಕಾರ ಸಂಘವೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಭಾಷಾಶಾಸ್ತ್ರ ಓದಿದವನಲ್ಲವಾದರೂ ಜಮಾ, ಖರ್ಚು, ಬಾಕಿ, ಶಿಲ್ಕು ಎಂಬ ಮಾತುಗಳ ನಡುವೆಯೇ ಬದುಕು ಕಳೆದಿರುವುದರಿಂದ ಈ ಪದಗಳು ತಪ್ಪು ಅರ್ಥ ಕೊಟ್ಟಾಗ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ ನನ್ನದಲ್ಲ, ನೆರೆಮನೆಯ ಗೌಡರದು. 2025ರ ಮಾರ್ಚ್ 7ರಂದು ರಾಜ್ಯದ ಆಯವ್ಯಯ ಮಂಡನೆಯಾಗಿ, ಮಾರನೆಯ ದಿನ ನಮ್ಮ ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಗೌಡರು ಅಂಗಳದಲ್ಲಿ ಹರಡಿದ್ದ ಕಾಳುಮೆಣಸನ್ನು ಕಾಲಿನಿಂದ ಕೈಯಾಡಿಸಿದ ಹಾಗೆ ಸರಿಸುತ್ತಾ ನಿಂತಿದ್ದರು. 2025-26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ, ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ 90,428 ಕೋಟಿ ಎಂದು ಓದಿ ಹೇಳಿದೆ. ಅವರು ಕಾಲು ನಿಲ್ಲಿಸಿ ಕೇಳಿದರು: “ಅಲ್ಲ ಮಾರಾಯ್ರೆ, ಕೊರತೆ ಅಂದ್ರೆ ಇಲ್ಲ ಅಂತ ಅಲ್ದಾ? ತೊಂಬತ್ತು ಸಾವಿರ ಕೋಟಿ ಇಲ್ಲ ಅಂದ್ಮೇಲೆ ಅದನ್ನ ಖರ್ಚು ಮಾಡೂದು ಹ್ಯಾಂಗೆ?” ಅದು ಸಾಲ ತರುವ ಮೊತ್ತ ಗೌಡ್ರೆ ಎಂದೆ. “ಹಂಗಾರೆ ಸಾಲ ಅಂತ್ಲೇ ಬರೀಬಹುದಿತ್ತಲ್ಲ” ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕನ್ನಡದಲ್ಲಿ ‘ಕೊರತೆ’ ಎಂಬ ಪದ ಯಾವುದರ ಜೊತೆ ಸೇರುತ್ತದೆ ಎಂಬುದನ್ನು ಗಮನಿಸಿದರೆ ಗೌಡರ ಪ್ರಶ್ನೆ ಎಷ್ಟು ಸರಿ ಎಂಬುದು ತಿಳಿಯುತ್ತದೆ. ನೀರಿನ ಕೊರತೆ, ಮಳೆಯ ಕೊರತೆ, ಆಳಿನ ಕೊರತೆ ಎನ್ನುತ್ತೇವೆ. ಹಿಂದೆ ಬರುವ ಪದ ಯಾವುದೋ ಅದೇ ಕಡಿಮೆಯಾಗಿದೆ ಎಂದು ಅರ್ಥ. ಹಳಗನ್ನಡದ ‘ಱ’ ಅಕ್ಷರವಾದ ಶಕಟರೇಫದೊಡನೆ ‘ಕೊಱತೆ’ ಎಂದು ಬರೆಯುತ್ತಿದ್ದ ಈ ದ್ರಾವಿಡ ಪದಕ್ಕೆ ತಮಿಳಿನ ‘ಕುಱೈ’ ಹತ್ತಿರದ ನೆಂಟ, ಅಲ್ಲಿಯೂ ಕುಂದು, ಕಡಿಮೆ ಎಂಬುದೇ ಅರ್ಥ. ಕೊರತೆ ಬಿದ್ದಲ್ಲಿ ಕೆಲಸ ನಿಲ್ಲುತ್ತದೆ ಎಂಬ ಭಾವವೂ ಅದರ ಜೊತೆಗೇ ಇದೆ. ಆಷಾಢದಲ್ಲಿ ಆಳಿನ ಕೊರತೆಯಾದರೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವುದು ತಡವಾಗುತ್ತದೆ, ಕೊಳೆ ರೋಗ ಬರುತ್ತದೆ. ಹೀಗಿರುವಾಗ ‘ವಿತ್ತೀಯ ಕೊರತೆ’ ಎಂಬುದನ್ನು ಕೇಳಿದವರು ಹಣವಿಲ್ಲದ ಕಾರಣ ಯಾವುದೋ ಕೆಲಸ ನಿಂತಿದೆ ಎಂದು ತಿಳಿಯುವುದು ಸಹಜ. ವಾಸ್ತವ ಅದಕ್ಕೆ ನೇರ ವಿರುದ್ಧ: ಕೆಲಸ ನಡೆಯುತ್ತದೆ, ಸಂಬಳ ಬಟವಾಡೆಯಾಗುತ್ತದೆ, ರಸ್ತೆಗೆ ಡಾಂಬರು ಬೀಳುತ್ತದೆ, ಆದರೆ ಅದಕ್ಕೆ ಬೇಕಾದ ಹಣದಲ್ಲಿ ಒಂದು ಪಾಲು ನಮ್ಮದಲ್ಲ. ಸಹಕಾರ ಸಂಘದ ಲೆಕ್ಕದಲ್ಲಿ ‘ಕೊರತೆ’ಗೆ ಇನ್ನೂ ಕಟುವಾದ ಅರ್ಥವಿತ್ತು. ತಪಾಸಣೆಯ ದಿನ ನಗದು ಕೊರತೆ ಅಥವಾ ದಾಸ್ತಾನು ಕೊರತೆ ಬಂತೆಂದರೆ ಪುಸ್ತಕದಲ್ಲಿದ್ದದ್ದು ಪೆಟ್ಟಿಗೆಯಲ್ಲಿಲ್ಲ ಎಂದು ಅರ್ಥ, ಗುಮಾಸ್ತ ಉತ್ತರ ಹೇಳಬೇಕು. ಆಯವ್ಯಯದ ಕೊರತೆ ಅದೂ ಅಲ್ಲ.

ಗೌಡರಿಗೆ ಬಿಡಿಸಿ ಹೇಳಲೆಂದು ನಮ್ಮ ತಂದೆಯವರು ಬರೆದಿಟ್ಟಿದ್ದ ಎಪ್ಪತ್ತರ ದಶಕದ ಒಂದು ಕಿರ್ದಿ (ದಿನದಿನದ ಲೆಕ್ಕದ) ಪುಸ್ತಕವನ್ನು ಅಟ್ಟದಿಂದ ತೆಗೆದೆ. ಕೆಂಪು ಬಟ್ಟೆಯ ರಟ್ಟು, ಒಳಗೆ ಉದ್ದಕ್ಕೆ ಮಡಿಚಿದ ಹಾಳೆ. ಒಂದು ವರ್ಷದ ಗೋಷ್ವಾರೆಯಲ್ಲಿ, ಅಂದರೆ ಒಟ್ಟು ಲೆಕ್ಕದ ಸಾರಾಂಶದಲ್ಲಿ, ಜಮೆಯ ಕಡೆ ಮೂರೇ ಸಾಲು ಇವೆ: ಆರಂಭ ಶಿಲ್ಕು (ಹಿಂದಿನ ವರ್ಷದಿಂದ ಕೈಯಲ್ಲಿ ಉಳಿದ ಹಣ) 215 ರೂಪಾಯಿ, ಅಡಿಕೆ ಪಟ್ಟಿ (ಮಾರಾಟದ ಲೆಕ್ಕ) ಬಾಬ್ತು 18,400, ಮಂಡಿಯಿಂದ ಮುಂಗಡ (ಬೆಳೆಯ ಮೇಲೆ ತಂದ ಸಾಲ) 6,000. ಖರ್ಚಿನ ಒಟ್ಟು ಮೊತ್ತ 24,303; ಅದರೊಳಗೆ ಸೋಗೆಯ ಮಾಡು ತೆಗೆದು ಹಂಚು ಹೊದಿಸಿದ ಬಾಬ್ತು 3,500. ಅಖೈರು (ವರ್ಷದ ಕೊನೆಯ) ಶಿಲ್ಕು 312 ರೂಪಾಯಿ. ಈ ಹಾಳೆಯಲ್ಲಿ ಕೊರತೆ ಎಂಬ ಮಾತೇ ಇಲ್ಲ, ವರ್ಷದ ಕೊನೆಗೆ ಮುನ್ನೂರು ಚಿಲ್ಲರೆ ಉಳಿದೂ ಇದೆ. ಮಂಡಿಯ ಮುಂಗಡವನ್ನು ಜಮೆಯ ಕಡೆ ಬರೆದ ಕಾರಣಕ್ಕೆ ಹಾಗೆ ಕಾಣುತ್ತದೆ. ಇದೇ ಹಾಳೆಯನ್ನು ಇಂದಿನ ಸರ್ಕಾರಿ ಪದ್ಧತಿಯಂತೆ ನೋಡಿದರೆ ಮುಂಗಡವನ್ನೂ ಹಳೆಯ ಶಿಲ್ಕನ್ನೂ ಪಕ್ಕಕ್ಕಿಟ್ಟು, ಖರ್ಚಾದ 24,303ರಲ್ಲಿ ದುಡಿದು ಬಂದ 18,400ನ್ನು ಕಳೆಯಬೇಕು. ಉಳಿಯುವ 5,903 ರೂಪಾಯಿಯೇ ಆ ವರ್ಷ ನಮ್ಮ ಮನೆಯ ವಿತ್ತೀಯ ಕೊರತೆ. ಹಂಚಿನ ಖರ್ಚನ್ನು ಬಿಟ್ಟು ಉಣ್ಣಲು, ಉಡಲು, ಕೂಲಿಗೆ, ಬಡ್ಡಿಗೆ ಆದದ್ದು 20,803. ದುಡಿಮೆ ಅದಕ್ಕೂ ಸಾಲದೆ ಬಿದ್ದ ವ್ಯತ್ಯಾಸ 2,403 ರಾಜಸ್ವ ಕೊರತೆ. ಗೌಡರು ಹಾಳೆಯ ಮೇಲೆ ಬೆರಳಿಟ್ಟು, ಹಂಚಿಗೆ ಮಾಡಿದ ಸಾಲ ಬೇರೆ, ಅಕ್ಕಿಗೆ ಮಾಡಿದ ಸಾಲ ಬೇರೆ ಎಂದು ತಾವೇ ಹೇಳಿದರು. ಅರ್ಥಶಾಸ್ತ್ರದ ಈ ಎರಡು ಪಾರಿಭಾಷಿಕ ಪದಗಳ ನಡುವಿನ ಭೇದವನ್ನು ಅದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ತಂದೆಯವರ ಬರವಣಿಗೆ ತಪ್ಪಾಗಿರಲಿಲ್ಲ. ಕೇಂದ್ರ ಸರ್ಕಾರವೂ ಬಹುಕಾಲ ಹೀಗೆಯೇ ಬರೆಯುತ್ತಿತ್ತು. ಮಾರುಕಟ್ಟೆಯಿಂದ ತಂದ ಸಾಲವನ್ನೂ ಜಮೆಯೆಂದೇ ಹಿಡಿದು, ಅದರ ಮೇಲೂ ಸಾಲದೆ ಬಿದ್ದಷ್ಟನ್ನು ಮಾತ್ರ ‘ಬಜೆಟ್ ಕೊರತೆ’ ಎನ್ನುತ್ತಿದ್ದರು, ಅದನ್ನು ತುಂಬಲು ರಿಸರ್ವ್ ಬ್ಯಾಂಕಿಗೆ ತತ್ಕಾಲದ ಖಜಾನೆ ಹುಂಡಿಗಳನ್ನು ಕೊಟ್ಟು ಹಣ ಪಡೆಯುತ್ತಿದ್ದರು. 1997ರ ಏಪ್ರಿಲ್‌ನಲ್ಲಿ ಆ ಹುಂಡಿಗಳ ಪದ್ಧತಿ ನಿಂತು, ರಿಸರ್ವ್ ಬ್ಯಾಂಕಿನ ಅಲ್ಪಾವಧಿ ಸಾಲವಾದ ‘ಅರ್ಥೋಪಾಯ ಮುಂಗಡ’ ಬಂದಿತು, ಹಳೆಯ ಅರ್ಥದ ಬಜೆಟ್ ಕೊರತೆಯನ್ನು ತೋರಿಸುವುದೂ ಅಲ್ಲಿಗೆ ಮುಗಿಯಿತು. ಅಂದರೆ ಎಂಬತ್ತರ ದಶಕದ ಪತ್ರಿಕೆಯಲ್ಲಿ ‘ಖೋತಾ ಬಜೆಟ್’ ಎಂದು ಓದಿದ ಕೊರತೆಯೂ ಇಂದಿನ ‘ವಿತ್ತೀಯ ಕೊರತೆ’ಯೂ ಒಂದೇ ವಸ್ತುವಲ್ಲ. ಹಳೆಯ ಮೊತ್ತವನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವವರು ಹೀಗೆ ಪದದ ಅರ್ಥ ಬದಲಾದದ್ದನ್ನು ನೆನಪಿಡಬೇಕು. ನಮ್ಮ ನಿಘಂಟುಗಳಲ್ಲಿ ಎರಡಕ್ಕೂ ಪ್ರತ್ಯೇಕ ನಮೂದು ಇರುವುದು ಒಳ್ಳೆಯದೆಂದು ನನ್ನ ಭಾವನೆ.

‘ರಾಜಸ್ವ ಕೊರತೆ’ಯದು ಇನ್ನೊಂದು ತೊಡಕು. ‘ರೆವಿನ್ಯೂ’ ಎಂಬ ಒಂದೇ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಮೂರು ಪದಗಳು ನೆಲೆಯಾಗಿವೆ. ಇಲಾಖೆಯ ಹೆಸರಿನಲ್ಲಿ ಕಂದಾಯ, ಆಯವ್ಯಯ ಭಾಷಣದಲ್ಲಿ ರಾಜಸ್ವ, ಪತ್ರಿಕೆಯ ತಲೆಬರಹದಲ್ಲಿ ಆದಾಯ. ರಾಜಸ್ವ ಎಂದರೆ ಓದುಗರಿಗೆ ತಿಳಿಯದು ಎಂಬ ಸದುದ್ದೇಶದಿಂದ ‘ಆದಾಯ ಕೊರತೆ’ ಎಂದು ಬರೆಯುತ್ತಾರೆ. ಆದರೆ ಆದಾಯ ಕೊರತೆ ಎಂದೊಡನೆ ಅಬಕಾರಿಯಿಂದಲೋ ನೋಂದಣಿಯಿಂದಲೋ ನಿರೀಕ್ಷಿಸಿದಷ್ಟು ತೆರಿಗೆ ಬರಲಿಲ್ಲ ಎಂಬ ಅರ್ಥ ಬಂದುಬಿಡುತ್ತದೆ. ತೆರಿಗೆ ಗುರಿ ಮೀರಿ ಬಂದ ವರ್ಷದಲ್ಲೂ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳು ಅದನ್ನು ಮೀರಿದರೆ ರಾಜಸ್ವ ಕೊರತೆ ಬರುತ್ತದೆ. ಕರ್ನಾಟಕದಲ್ಲಿ 2004-05ರಿಂದ ಕೊರೋನಾ ಬರುವವರೆಗೆ ರಾಜಸ್ವ ಹೆಚ್ಚುವರಿಯೇ ಇತ್ತೆಂಬುದನ್ನು ‘ಆದಾಯ ಹೆಚ್ಚುವರಿ’ ಎಂದು ಬರೆದರೆ ಏನು ಅರ್ಥವಾದೀತು? ರಾಜಸ್ವ ಸಂಸ್ಕೃತವೇ ಇರಬಹುದು, ರಾಜನ ಸ್ವತ್ತು ಎಂಬ ಅದರ ಮೂಲಾರ್ಥ ಪ್ರಜಾಪ್ರಭುತ್ವಕ್ಕೆ ಹೊಂದದಿರಬಹುದು, ಆದರೂ ಬೇರೆ ಅರ್ಥಕ್ಕೆ ಎಡೆಗೊಡದ ಕಾರಣ ಅದನ್ನೇ ಉಳಿಸಬೇಕೆಂದು ನನ್ನ ಮತ.

ನಗರಸಭೆ, ಪಾಲಿಕೆಗಳ ‘ಉಳಿತಾಯ ಬಜೆಟ್’ ಎಂಬುದರ ಬಗ್ಗೆ ಒಂದೇ ಮಾತು. ಅಲ್ಲಿ ಆರಂಭ ಶಿಲ್ಕನ್ನು ಜಮೆಗೆ ಸೇರಿಸಿ ಕೊನೆಗೆ ಉಳಿದದ್ದನ್ನು ಉಳಿತಾಯ ಎನ್ನುತ್ತಾರೆ, ನಮ್ಮ ತಂದೆಯವರ 312 ರೂಪಾಯಿಯ ಹಾಗೆ. ಅದು ಶಿಲ್ಕೇ ಹೊರತು ಉಳಿತಾಯವಲ್ಲ. ‘ಮುಂಗಡಪತ್ರ’ ಎಂಬುದನ್ನೂ ನಮ್ಮ ಕಡೆ ತಪ್ಪಾಗಿ ಕೇಳಿಸಿಕೊಳ್ಳುತ್ತಾರೆ, ಏಕೆಂದರೆ ಅಡಿಕೆ ಬೆಳೆಗಾರನಿಗೆ ಮುಂಗಡ ಎಂದರೆ ಮಂಡಿಯಲ್ಲಿ ತಂದ ಹಣ, ಮುಂದೆ ಪಟ್ಟಿಯಲ್ಲಿ ಬಡ್ಡಿ ಸಮೇತ ಮುರಿದುಕೊಳ್ಳುವ ಹಣ. ಆಯ ಮತ್ತು ವ್ಯಯ ಎರಡನ್ನೂ ಹೇಳುವ ‘ಆಯವ್ಯಯ’ ಇದಕ್ಕಿಂತ ಮೇಲು. ಸಂವಿಧಾನದಲ್ಲಿ ಬಜೆಟ್ ಎಂಬ ಪದವೇ ಇಲ್ಲ. ಕೇಂದ್ರಕ್ಕೆ 112ನೇ ಅನುಚ್ಛೇದ, ರಾಜ್ಯಕ್ಕೆ 202ನೇ ಅನುಚ್ಛೇದ ವಾರ್ಷಿಕ ಹಣಕಾಸು ವಿವರಣೆಯನ್ನು ಸದನದ ಮುಂದಿಡಬೇಕೆಂದಷ್ಟೇ ಹೇಳುತ್ತವೆ.

ಇನ್ನು ‘ಶಿಸ್ತು’. ನನ್ನ ಮುಖ್ಯ ಪ್ರಶ್ನೆ ಇದರ ಬಗ್ಗೆಯೇ.

ಇಂದು ಶಿಸ್ತು ಎಂದರೆ ಶಾಲೆಯ ಶಿಸ್ತು, ಸೈನ್ಯದ ಶಿಸ್ತು, ಇಲಾಖೆಯ ಶಿಸ್ತುಕ್ರಮ. ಅದು ಮನುಷ್ಯನ ನಡತೆಗೆ ಸಂಬಂಧಿಸಿದ್ದು. ಆದ್ದರಿಂದ ‘ವಿತ್ತೀಯ ಶಿಸ್ತು’ ಎಂದಾಗಲೂ ಅದೊಂದು ಗುಣ, ಮಿತವ್ಯಯದ ಸ್ವಭಾವ ಎಂಬ ಭಾವನೆ ಬರುತ್ತದೆ. ಗುಣವೆಂದಾದ ಮೇಲೆ ಆಳುವವರು ತಮ್ಮಲ್ಲಿದೆ ಎನ್ನುತ್ತಾರೆ, ವಿರೋಧಿಸುವವರು ಅವರಲ್ಲಿಲ್ಲ ಎನ್ನುತ್ತಾರೆ, ಓದುಗನಿಗೆ ಎರಡನ್ನೂ ಒರೆಗೆ ಹಚ್ಚಲು ದಾರಿಯೇ ಇರುವುದಿಲ್ಲ. ಆದರೆ ಮಲೆನಾಡಿನಲ್ಲಿ ಈ ಪದಕ್ಕೆ ಬೇರೊಂದು ಬಾಳು ಇತ್ತು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ ನೆಲದ ಮೇಲೆ ನಿಗದಿ ಮಾಡಿದ ಕಂದಾಯಕ್ಕೇ ‘ಶಿಸ್ತು’ ಎಂಬ ಹೆಸರು. ಇಂದು ನಮ್ಮ ಮಕ್ಕಳು ‘ಶಿಸ್ತಿನ ಶಿವಪ್ಪನಾಯಕ’ ಎಂಬುದನ್ನು ಓದಿ, ಕಟ್ಟುನಿಟ್ಟಿನ ಅರಸ ಎಂದು ತಿಳಿಯುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ. ಆ ಬಿರುದಿನ ಶಿಸ್ತು ನಡತೆಯದಲ್ಲ, ಲೆಕ್ಕದ್ದು.

ಆ ಶಿಸ್ತು ಹೇಗೆ ನಿಂತಿತು ಎಂಬುದನ್ನು ನೆನೆದರೆ ಪದದ ತೂಕ ತಿಳಿಯುತ್ತದೆ. ನೆಲವನ್ನು ಅದರ ಸಾರಕ್ಕೆ ತಕ್ಕಂತೆ ಐದು ತರಗತಿಗಳಾಗಿ ವಿಂಗಡಿಸಿ, ಊರೂರಲ್ಲಿ ಪ್ರತಿ ತರಗತಿಯ ಒಂದೊಂದು ಗದ್ದೆಯನ್ನು ಹನ್ನೆರಡು ವರ್ಷ ಅರಮನೆಯ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂದು ಬರೆಸಿ, ಅದರ ಸರಾಸರಿಯ ಮೇಲೆ ಹುಟ್ಟುವಳಿಯ ಮೂರನೆಯ ಒಂದು ಪಾಲನ್ನು ಅರಮನೆಯ ಪಾಲೆಂದು ಗೊತ್ತುಮಾಡಿದರು. ಅಡಿಕೆ ತೋಟದ ಅಳತೆಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದವನ್ನೇ ಅಳತೆಗೋಲಾಗಿ ಹಿಡಿದರು. ಸಾಗರದ ಕಡೆ ಹೋದಾಗಲೆಲ್ಲ ನಾನು ಆ ದೇವಾಲಯಕ್ಕೆ ಹೋಗುತ್ತೇನೆ. ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುವ ಆ ಮೆಟ್ಟಿಲ ಮೇಲೆ ನಿಂತಾಗ, ಇದು ಅರಸನಿಗೂ ರೈತನಿಗೂ ಒಂದೇ ಆಗಿ ಕಾಣುತ್ತಿದ್ದ ಅಳತೆಯಲ್ಲವೇ ಎಂದು ಮನಸ್ಸು ತುಂಬಿ ಬರುತ್ತದೆ. ಅರಸು ಎಷ್ಟು ತೆಗೆದುಕೊಳ್ಳಬಹುದು ಎಂಬುದಕ್ಕೆ ಎಲ್ಲರ ಕಣ್ಣೆದುರು ಇದ್ದ ಗೆರೆ ಅದು.

ಅದೇ ನಾಯಕರ ಆಳ್ವಿಕೆಯಲ್ಲಿದ್ದ ಕರಾವಳಿಯಲ್ಲೂ ಪದ ಇದೇ ಅರ್ಥದಲ್ಲಿ ಬಹುಕಾಲ ಉಳಿಯಿತು. ಟಿಪ್ಪುವಿನ ನಂತರ ಕೆನರಾದ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಅಲ್ಲಿನ ಕಂದಾಯವನ್ನು ‘ಶಿಸ್ತು’ ಮತ್ತು ‘ಶಾಮಿಲು’ ಎಂದು ಎರಡಾಗಿಯೇ ಕಂಡ. ಶಿಸ್ತು ಎಂದರೆ ಮೂಲ ನಿಗದಿ, ಶಾಮಿಲು ಎಂದರೆ ಅದರ ಮೇಲೆ ಕಾಲಕಾಲಕ್ಕೆ ಸೇರುತ್ತಾ ಬಂದ ಹೆಚ್ಚುವರಿ. ಒಮ್ಮೆ ನಿಂತ ಗೆರೆಯ ಮೇಲೆ ಅಗತ್ಯ ಬಂದಾಗಲೆಲ್ಲ ಒಂದಿಷ್ಟು ಏರಿಸುವುದು ಅಂದಿನಿಂದಲೂ ಇದೆ, ಅದಕ್ಕೊಂದು ಪ್ರತ್ಯೇಕ ಪದವೂ ಇತ್ತು ಎಂಬುದು ನನಗೆ ಬೆರಗು ತಂದಿತು.

ಈಗ ಇಂದಿನ ‘ವಿತ್ತೀಯ ಶಿಸ್ತಿ’ಗೆ ಬರೋಣ. ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ಮಾಡಿತು. ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು, ಕೇಂದ್ರದ ಕಾನೂನು ಬಂದದ್ದು 2003ರಲ್ಲಿ. ನಮ್ಮ ಅಧಿನಿಯಮದಂತೆ ವಿತ್ತೀಯ ಕೊರತೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ. 3ನ್ನು, ಒಟ್ಟು ಹೊಣೆಗಾರಿಕೆಗಳು ಶೇ. 25ನ್ನು ಮೀರಬಾರದು. 2025-26ರ ಆಯವ್ಯಯದಲ್ಲಿ ಮೊದಲನೆಯದು ಶೇ. 2.95, ಎರಡನೆಯದು 7,64,655 ಕೋಟಿ, ಅಂದರೆ ಶೇ. 24.91. ಎರಡೂ ಗೆರೆಯ ಒಳಗಿವೆ, ಎರಡೂ ಗೆರೆಗೆ ತಾಗಿಕೊಂಡೇ ಇವೆ. ಶಿವಪ್ಪನಾಯಕನ ಶಿಸ್ತು ಎಷ್ಟು ಪಡೆಯಬಹುದು ಎಂಬುದರ ಗೆರೆ, ಇಂದಿನದು ಎಷ್ಟು ಸಾಲ ಮಾಡಬಹುದು ಎಂಬುದರ ಗೆರೆ. ಆದರೂ ಎರಡೂ ಅಳತೆಗಳೇ, ಸ್ವಭಾವಗಳಲ್ಲ. ಹೀಗಾಗಿ ‘ವಿತ್ತೀಯ ಶಿಸ್ತು’ ಎಂಬಲ್ಲಿನ ಶಿಸ್ತನ್ನು ಶಾಲೆಯ ಅರ್ಥದಲ್ಲಿ ಓದದೆ ಕೆಳದಿಯ ಅರ್ಥದಲ್ಲಿ ಓದಬೇಕು ಎಂಬುದು ನನ್ನ ವಾದ. ಇಕ್ಕೇರಿಯ ಅಳತೆ ಕಲ್ಲಿನಲ್ಲಿತ್ತು, ಇಂದಿನ ಅಳತೆ ಅಧಿನಿಯಮದ ಪ್ರಕರಣದಲ್ಲಿದೆ. 2020ರಲ್ಲಿ ಕೊರೋನಾದಿಂದ ತೆರಿಗೆ ಕುಸಿದಾಗ ಆ ವರ್ಷದ ಮಟ್ಟಿಗೆ ಶೇ. 3ನ್ನು ಶೇ. 5ಕ್ಕೆ ಏರಿಸಿ ತಿದ್ದುಪಡಿ ತಂದರು. ಆಪತ್ತಿನಲ್ಲಿ ಅದು ತಪ್ಪೆಂದು ನಾನು ಹೇಳಲಾರೆ, ಆದರೆ ಅದನ್ನು ಕರೆಯಲು ಶಾಮಿಲು ಎಂಬಂಥ ಒಂದು ನೇರ ಪದ ನಮ್ಮಲ್ಲಿ ಇರಬೇಕಿತ್ತು.

ಅಳತೆಯೆಂದು ಒಪ್ಪಿದರೂ ಅದು ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಸೇರಿಸಬೇಕು. ಶೇ. 2.95 ಎಂಬ ಸಂಖ್ಯೆ ಆ ಸಾಲ ಹಂಚಿಗೋ ಅಕ್ಕಿಗೋ ಎಂದು ತಿಳಿಸುವುದಿಲ್ಲ. 90,428 ಕೋಟಿಯಲ್ಲಿ 19,262 ಕೋಟಿ ರಾಜಸ್ವ ಕೊರತೆ ಎಂದರೆ ನೂರು ರೂಪಾಯಿ ಹೊಸ ಸಾಲದಲ್ಲಿ ಇಪ್ಪತ್ತೊಂದು ರೂಪಾಯಿ ದಿನದ ಖರ್ಚಿಗೆ ಹೋಗುತ್ತದೆ ಎಂದಾಯಿತು. ಅದೇ ಆಯವ್ಯಯದಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ 51,034 ಕೋಟಿ ಇಟ್ಟಿದೆ. ಅದು ಬೇಕೋ ಬೇಡವೋ ಎಂಬ ಚರ್ಚೆಗೆ ಇದು ಜಾಗವಲ್ಲ. ಬಡವರ ಕೈಗೆ ಹೋಗುವ ಹಣವನ್ನು ದುಂದು ಎಂದು ಕರೆಯುವ ಅಭ್ಯಾಸ ನನಗಿಲ್ಲ. ಆದರೆ ಸಂಬಳ, ಪಿಂಚಣಿ, ಬಡ್ಡಿಗಳನ್ನು ಯಾವ ಸರ್ಕಾರವೂ ತಡೆಯಲಾರದು, ಕೊಟ್ಟ ಮಾತನ್ನೂ ಸುಲಭವಾಗಿ ಹಿಂದೆಗೆದುಕೊಳ್ಳಲಾರದು. ಕೊನೆಗೆ ಕಡಿತವಾಗುವುದು ಕೆರೆಯ ಹೂಳು, ಕಾಲುಸಂಕ, ಶಾಲೆಯ ಕಟ್ಟಡಗಳಂಥ ಬಂಡವಾಳ ವೆಚ್ಚವೇ. ಶಿಸ್ತು ಪಾಲಿಸಿದ್ದೇವೆ ಎಂಬ ಮಾತು ಸಂಖ್ಯೆಯ ಮಟ್ಟಿಗೆ ನಿಜವಾಗಿದ್ದಾಗಲೂ ಈ ಕಡಿತ ಅದರೊಳಗೆ ಕಾಣದೆ ಹೋಗಬಹುದು. ಕೇಂದ್ರದ ಮಾತೂ ಬೇರೆಯಲ್ಲ, 2020-21ರಲ್ಲಿ ದೇಶದ ಒಟ್ಟು ಆಂತರಿಕ ಉತ್ಪನ್ನದ ಶೇ. 9.2ರಷ್ಟಿದ್ದ ಅದರ ವಿತ್ತೀಯ ಕೊರತೆಯನ್ನು 2025-26ಕ್ಕೆ ಶೇ. 4.4ಕ್ಕೆ ಇಳಿಸುವ ಅಂದಾಜಿತ್ತು, ಇಳಿಕೆ ಎಲ್ಲಿಂದ ಬಂತು ಎಂಬುದನ್ನು ಆ ಒಂದು ಸಂಖ್ಯೆಯಿಂದ ಓದಲಾಗದು.

‘ಹೊಣೆಗಾರಿಕೆ’ ಎಂಬ ಪದವನ್ನೂ ಇಲ್ಲಿ ಗಮನಿಸಿ. ಅಧಿನಿಯಮದ ಹೆಸರಿನಲ್ಲಿ ಹೊಣೆಗಾರಿಕೆ ಎಂದರೆ ಜವಾಬ್ದಾರಿ. ಅದೇ ಅಧಿನಿಯಮ ಮಿತಿ ಹಾಕುವ ‘ಒಟ್ಟು ಹೊಣೆಗಾರಿಕೆಗಳು’ ಎಂದರೆ ತೀರಿಸಬೇಕಾದ ಸಾಲ. ಏಕವಚನದಲ್ಲಿ ಹೆಚ್ಚಾಗಬೇಕಾದದ್ದು, ಬಹುವಚನದಲ್ಲಿ ಕಡಿಮೆಯಾಗಬೇಕಾದದ್ದು! ಭಾಷಣ ಕೇಳುವವರಿಗೆ ಇದು ಗೊಂದಲವೇ ಸರಿ, ಆದರೂ ಈ ಗೊಂದಲಕ್ಕೆ ನಾನು ಅಷ್ಟು ಬೇಸರಪಡುವುದಿಲ್ಲ. ಹಳಗನ್ನಡದ ‘ಪೊಣೆ’ ಎಂದರೆ ಜಾಮೀನು. ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲುವುದು ಎಂದು ಈಗಲೂ ಹೇಳುತ್ತೇವೆ. ಸಾಲವೂ ಜವಾಬ್ದಾರಿಯೂ ಒಂದೇ ಬೇರಿನಿಂದ ಹೊರಟವು, ಬೇರೆ ಮಾಡಬೇಕಾದರೆ ಎರಡನೆಯದಕ್ಕೆ ‘ಒಟ್ಟು ಸಾಲಬಾಧ್ಯತೆ’ ಎಂದರೆ ಸಾಕು.

ಗೌಡರ ಪ್ರಶ್ನೆಗೆ ನಾನು ಯೋಚಿಸಿದ ಉತ್ತರ ಇಷ್ಟು. ಪಾರಿಭಾಷಿಕವಾಗಿ ‘ವಿತ್ತೀಯ ಕೊರತೆ’ ಉಳಿಯಲಿ, ಆದರೆ ಪತ್ರಿಕೆಯಲ್ಲಿ ಮೊದಲ ಬಾರಿ ಬಂದಾಗ ‘ಸಾಲದಿಂದ ತುಂಬುವ ಕೊರತೆ’ ಎಂದು ಬಿಡಿಸಿ ಬರೆಯಲಿ. ರಾಜಸ್ವ ಕೊರತೆಗೆ ‘ದಿನಖರ್ಚಿನ ಸಾಲ’ ಎಂದು ವಿವರಣೆ ಕೊಡಲಿ. ವಿತ್ತೀಯ ಶಿಸ್ತಿಗೆ ‘ಸಾಲದ ಅಂಕೆ’ ಎಂಬುದನ್ನು ನಾನು ಸೂಚಿಸುತ್ತೇನೆ. ಅಂಕೆ ಎಂದರೆ ಸಂಖ್ಯೆಯೂ ಹೌದು, ಹತೋಟಿಯೂ ಹೌದು, ಅಂಕೆಯಲ್ಲಿಡುವುದು, ಅಂಕೆ ಮೀರುವುದು ಎಂಬ ಮಾತುಗಳು ಎಲ್ಲರ ಬಾಯಲ್ಲೂ ಇವೆ. ಶಿಸ್ತನ್ನು ಬಿಡಲು ನನಗೆ ಮನಸ್ಸಿಲ್ಲದಿದ್ದರೂ ಅದರ ಕೆಳದಿಯ ಅರ್ಥವನ್ನು ನಾಡಿನ ಉಳಿದ ಭಾಗದ ಓದುಗರಿಗೆ ನೆನಪಿಸುವುದು ಕಷ್ಟ ಎಂಬುದನ್ನು ಬಲ್ಲೆ.

ತಿಳಿದವರು ಮೂರು ವಿಷಯ ಹೇಳಬೇಕೆಂದು ಕೋರುತ್ತೇನೆ. ನಿಮ್ಮ ಊರಿನ ಹಳೆಯ ಕಡತ, ಕಾಗದಪತ್ರಗಳಲ್ಲಿ ‘ಶಿಸ್ತು’ ಎಂಬುದು ಕಂದಾಯದ ಅರ್ಥದಲ್ಲಿ ಬಂದಿದ್ದರೆ ಆ ವಾಕ್ಯವನ್ನು ಇದ್ದ ಹಾಗೆಯೇ ಬರೆಯಿರಿ. ಉತ್ತರ ಕರ್ನಾಟಕದಲ್ಲಿ ‘ಖೋತಾ’ ಎಂಬುದು ಆಯವ್ಯಯದ ಹೊರಗೆ, ಮನೆಯ ಅಥವಾ ಅಂಗಡಿಯ ಲೆಕ್ಕದಲ್ಲಿ, ಯಾವ ಅರ್ಥದಲ್ಲಿ ಬಳಕೆಯಲ್ಲಿದೆ ಎಂಬುದನ್ನು ತಿಳಿಸಿರಿ. ಮತ್ತು ಉಣ್ಣುವ ಖರ್ಚಿಗೆ ಮಾಡಿದ ಸಾಲವನ್ನೂ ಆಸ್ತಿಗೆ ಮಾಡಿದ ಸಾಲವನ್ನೂ ಬೇರೆಬೇರೆಯಾಗಿ ಕರೆಯುವ ಒಂಟಿ ಪದಗಳು ನಿಮ್ಮ ಕಡೆಯ ಹಿರಿಯರ ಮಾತಿನಲ್ಲಿದ್ದರೆ ದಯವಿಟ್ಟು ಹೇಳಿರಿ. ನಮ್ಮಲ್ಲಿ ಕೈಗಡ, ಕೈಸಾಲ, ಮುಂಗಡ ಇವೆ, ಆದರೆ ಇವು ಸಾಲ ತಂದ ಬಗೆಯನ್ನು ಹೇಳುತ್ತವೆಯೇ ಹೊರತು ಅದು ಯಾವುದಕ್ಕೆ ಹೋಯಿತೆಂಬುದನ್ನು ಹೇಳುವುದಿಲ್ಲ.